ಬಾಗ್ರೆ ಅಣೆಕಟ್ಟೆಯ ನೀರು ಬಿಟ್ಟ ವಾರ

ಭಾನುವಾರ: ಅಕ್ರಾದಿಂದ ತಮಾಲೆ

"ಘಾನಾದ ಉತ್ತರಕ್ಕೆ ಹೋಗುವುದಿದ್ದರೆ ಡಿಸೆಂಬರಿನಲ್ಲಿ ಹೋಗಿ, ಆಗಸ್ಟಿನಲ್ಲಿ ಬೇಡ" ಎಂದು ಅಕ್ರಾದಲ್ಲಿ ಸಿಕ್ಕವರೆಲ್ಲ ಹೇಳಿದರು. ಡಿಸೆಂಬರಿನಲ್ಲಿ ಸಹಾರಾ ಕಡೆಯಿಂದ ಹರ್ಮಟಾನ್ ಗಾಳಿ ಧೂಳು ಹೊತ್ತು ಬಂದರೂ ರಸ್ತೆಗಳು ಒಣಗಿರುತ್ತವೆ. ಆಗಸ್ಟಿನಲ್ಲಿ ಹಳ್ಳ ತುಂಬುತ್ತವೆ, ಮಲೇರಿಯಾ ಏರುತ್ತದೆ, ಸಾಲದ್ದಕ್ಕೆ ಮೇಲಿನ ಬುರ್ಕಿನಾ ಫಾಸೋದವರು ಬಾಗ್ರೆ ಅಣೆಕಟ್ಟೆಯ ಗೇಟು ತೆಗೆಯುತ್ತಾರೆ. ನನಗೆ ಬೇಕಾಗಿದ್ದೇ ಅದು. ರಾಯಚೂರು ಜಿಲ್ಲೆಯ ಉಪಕೇಂದ್ರಗಳಲ್ಲಿ ಎಎನ್‌ಎಂ, ಅಂದರೆ ಹಳ್ಳಿ ಸುತ್ತುವ ನರ್ಸು, ಆಗಿ ನೌಕರಿ ಮುಗಿಸಿದವಳು ನಾನು. ಒಂದು ಊರಿನಲ್ಲಿ ಬಾಣಂತಿ ಉಳಿಯುತ್ತಾಳೋ ಇಲ್ಲವೋ ಎಂದು ತಿಳಿಯಬೇಕಾದರೆ ಹಳ್ಳ ಬಂದ ದಿನ ನೋಡಬೇಕು. ಬೇಸಿಗೆಯಲ್ಲಿ ಎಲ್ಲ ಆಸ್ಪತ್ರೆಗಳೂ ಹತ್ತಿರವೇ.

ಮಗಳು, ಅಳಿಯ ಅಕ್ರಾದಲ್ಲಿದ್ದಾರೆ. ಅವರ ಪಕ್ಕದ ಮನೆಯಾಕೆಯ ತಂಗಿ ಉತ್ತರದ ಗಡಿಯಲ್ಲಿ, ಅಪ್ಪರ್ ಈಸ್ಟ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಮಿಡ್‌ವೈಫ್. ಫೋನಿನಲ್ಲಿ ನಾಲ್ಕು ಮಾತಾಡಿದ್ದೇ ತಡ, "ಮಾಮಾ, ನೀವೂ ನಮ್ಮವರೇ, ಬನ್ನಿ" ಎಂದುಬಿಟ್ಟಳು. ಇಲ್ಲಿ ಮಾಮಾ ಎಂದರೆ ಅಮ್ಮ. ಅವಳ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಸರ್ಕಾರಿ ನೌಕರರಿಗೆ ಹೆಸರು ಬಂದರೆ ಏನೇನಾಗುತ್ತದೆ ಎಂಬುದು ನನಗೆ ಗೊತ್ತು.

ತಮಾಲೆಗೆ ವಿಮಾನದಲ್ಲಿ ಗಂಟೆಯ ಹಾದಿ. ಬಸ್ಸಾದರೆ ಹಗಲೂ ರಾತ್ರಿ. ನಾವು ಇಳಿದೆವು, ನನ್ನ ಸೂಟ್‌ಕೇಸ್ ಇಳಿಯಲಿಲ್ಲ. ಅದರಲ್ಲಿ ಸೀರೆಗಳಿದ್ದವು, ಚಟ್ನಿಪುಡಿ ಇತ್ತು, ಬಿ.ಪಿ. ಮಾತ್ರೆಯೂ ಇತ್ತು. "ಅವ್ವಾ, ಗುಳಿಗಿ ಕೈಚೀಲದಾಗ ಇಟ್ಕೊ ಅಂತ ಎಷ್ಟ್ ಸಲ ಹೇಳೀನಿ" ಎಂದು ಮಗಳು ಬೈದಳು. ಅಂಗಡಿಗೆ ಹೋದೆವು. ಇಲ್ಲಿ ಔಷಧಿ ಅಂಗಡಿಗಳಿಗೆ ಕೆಮಿಕಲ್ ಶಾಪ್ ಎನ್ನುತ್ತಾರೆ, ಎರಡು ಬೀದಿಗೊಂದರಂತೆ ಇವೆ. ಅಂಗಡಿಯವನು ಕೊಟ್ಟ ಅಮ್ಲೋಡಿಪಿನ್ ಪಟ್ಟಿಯ ಹಿಂದೆ "ಮೇಡ್ ಇನ್ ಇಂಡಿಯಾ" ಎಂದಿತ್ತು. ಮೂರು ಪಟ್ಟು ದುಡ್ಡು ಕೊಟ್ಟು ನಮ್ಮದೇ ಮಾತ್ರೆ ನುಂಗಿದೆ. ಸೂಟ್‌ಕೇಸ್ ಮರುದಿನದ ವಿಮಾನದಲ್ಲಿ ಬಂತು.

ಸೋಮವಾರ: ತಮಾಲೆಯಿಂದ ನವ್ರೊಂಗೊ

ಗಾಡಿಯ ಡ್ರೈವರ್ ಮಾತುಗಾರ. ಮೂರು ಮಕ್ಕಳು, ನಾಲ್ಕನೆಯದಕ್ಕೆ ಹೆಂಡತಿ ಆರು ತಿಂಗಳು. ನಾನು ಅಭ್ಯಾಸಬಲದಿಂದ "ಕಬ್ಬಿಣದ ಗುಳಿಗೆ ನುಂಗುತ್ತಾಳಾ?" ಎಂದು ಕೇಳಿದೆ. ಅವನು ಕನ್ನಡಿಯಲ್ಲಿ ನನ್ನನ್ನೇ ನೋಡಿ, ಗಾಡಿ ಬದಿಗೆ ಹಾಕಿ, ಹೆಂಡತಿಗೆ ಫೋನು ಹಚ್ಚಿದ. ನುಂಗುತ್ತಿಲ್ಲವಂತೆ, ಮಲ ಕಪ್ಪಾಗುತ್ತದೆಂದು ಹೆದರಿಕೆ. ಸಿಂಧನೂರಿನಲ್ಲಿ ನೂರಾರು ಸಲ ಕೇಳಿದ ಕಾರಣ. ಅಲ್ಲಿ ಕೊಟ್ಟ ಉತ್ತರವನ್ನೇ ಇಲ್ಲೂ ಕೊಟ್ಟೆ. ಡ್ರೈವರ್ ಅದನ್ನು ತಮ್ಮ ದಗ್ಬಾನಿ ಭಾಷೆಗೆ ತಿರುಗಿಸಿ ಹೇಳಿದ.

ರಸ್ತೆ ನೇರ, ಎರಡೂ ಕಡೆ ಹಸಿರು. ಶಿಯಾ ಮರಗಳನ್ನು ಹೊಲದ ನಡುವೆ ಹಾಗೇ ಬಿಟ್ಟಿದ್ದಾರೆ, ಯಾರೂ ಕಡಿಯುವುದಿಲ್ಲ. ಕಾಯಿ ಆರಿಸುವುದು, ಬೆಣ್ಣೆ ತೆಗೆಯುವುದು ಹೆಂಗಸರ ಪಾಲು, ಆ ದುಡ್ಡೂ ಅವರದೇ. ವಾಲೆವಾಲೆ ದಾಟುವ ಮೊದಲು ಆಕಾಶದಲ್ಲಿ ಚಿಕ್ಕದೊಂದು ಬಿಳಿ ವಿಮಾನ ಕೆಳಗಡೆಯೇ ಹಾರಿ ಹೋಯಿತು. ಡ್ರೋನು. ಹತ್ತಿರದ ವೊಬ್ಸಿಯಲ್ಲಿ ಜಿಪ್‌ಲೈನ್ ಕಂಪನಿಯ ನೆಲೆಯಿದೆ. 2019ರಿಂದ ಘಾನಾದಲ್ಲಿ ರಕ್ತ, ಲಸಿಕೆ, ಹಾವಿನ ವಿಷದ ಔಷಧ ಎಲ್ಲ ಹೀಗೆ ಹೋಗುತ್ತವೆ. ಆಸ್ಪತ್ರೆಯ ಅಂಗಳದ ಮೇಲೆ ಬಂದು ಪ್ಯಾರಾಚೂಟ್ ಕಟ್ಟಿದ ರಟ್ಟಿನ ಡಬ್ಬಿ ಬೀಳಿಸಿ, ಇಳಿಯದೆ ಹಿಂದಿರುಗುತ್ತದೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದೆ ಹೋದವರನ್ನು ಕಂಡಿರುವ ನನಗೆ ಕೈ ಮುಗಿಯಬೇಕೆನಿಸಿತು. ಡ್ರೈವರ್ ಮಾತ್ರ, "ರಕ್ತ ಹಾರಿ ಬರುತ್ತದೆ ಮಾಮಾ, ಹೆಂಗಸು ಇನ್ನೂ ನಡೆದೇ ಬರಬೇಕು" ಎಂದ.

ಪ್ವಾಲುಗು ಸೇತುವೆಯಲ್ಲಿ ವೈಟ್ ವೋಲ್ಟಾ ನದಿ ಕೆಂಪಗೆ, ದಂಡೆ ಮೀರಿ ಹರಿಯುತ್ತಿತ್ತು. ಬಾಗ್ರೆಯಿಂದ ನೀರು ಬಿಡಲು ಶುರುಮಾಡಿದ್ದಾರೆಂದು ಬೆಳಗಿನಿಂದ ರೇಡಿಯೋ ಕೂಗುತ್ತಿತ್ತಂತೆ. ದಂಡೆಯ ಮೆಕ್ಕೆಜೋಳದ ಹೊಲಗಳಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಜನ ಬಲಿಯದ ತೆನೆ ಮುರಿಯುತ್ತಿದ್ದರು. ಪ್ರತಿ ವರ್ಷ ಹೀಗೇ.

ಊಟದ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಾನು ಸಸ್ಯಾಹಾರಿ. "ಮೀನು ಬೇಡ" ಎಂದರೆ ಮೀನಿನ ತುಂಡು ತೆಗೆದು ಕೊಡುತ್ತಾರೆ, ಆದರೆ ಸಾರಿಗೆ ಒಣಮೀನಿನ ಪುಡಿ ಮೊದಲೇ ಬಿದ್ದಿರುತ್ತದೆ. ನನ್ನನ್ನು ಉಳಿಸಿದ್ದು ಬೆಳಗಿನ ಕೊಕೊ ಮತ್ತು ಕೋಸೆ. ಕೊಕೊ ಎಂದರೆ ಹುಳಿಬರಿಸಿದ ಸಜ್ಜೆಯ ಗಂಜಿ, ಶುಂಠಿ ಖಾರ ಹಾಕಿದ್ದು. ಕೋಸೆ ಅಲಸಂದೆ ರುಬ್ಬಿ ಕರಿದದ್ದು, ಕಣ್ಣು ಮುಚ್ಚಿ ತಿಂದರೆ ನಮ್ಮ ಅಲಸಂದಿ ವಡೆಯೇ. ರಸ್ತೆಬದಿ ಬಾಣಲೆಯಿಂದ ಎತ್ತುವಾಗಲೇ ತಗೊಳ್ಳಬೇಕು. ಹತ್ತು ಗಂಟೆಯ ಮೇಲೆ ಸಿಗುವುದಿಲ್ಲ. ದೊಡ್ಡ ನೋಟಿಗೆ ಚಿಲ್ಲರೆಯೂ ಸಿಗುವುದಿಲ್ಲ. ಮೊಬೈಲ್ ದುಡ್ಡು ಎಲ್ಲ ಕಡೆ ನಡೆಯುತ್ತದೆ, ಕೋಸೆ ಮಾರುವ ಮುದುಕಿಯ ಹತ್ತಿರವೂ.

ಮಂಗಳವಾರ: ನವ್ರೊಂಗೊ

ಪಾಗಾದ ಮೊಸಳೆ ಕೆರೆ ನೋಡಲು ಹೋಗೋಣ ಎಂದಳು ಮಗಳು. ಮೊಸಳೆಯ ಬಾಲ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರಂತೆ. ಅವಳು ಹೋಗಿಬಂದಳು. ನಾನು ಮಣ್ಣಿನ ಕೆಥೆಡ್ರಲ್ ನೋಡಿದೆ. 1906ರಲ್ಲಿ ಇಲ್ಲಿಗೆ ಬಂದ ಪಾದ್ರಿಗಳು ನೆಲೆಯೂರಿದ ಜಾಗ. ಒಳಗಿನ ಕಂಬ ಗೋಡೆಗಳ ಮೇಲೆ ಸಿರಿಗು ಊರಿನ ಹೆಂಗಸರು ಮಣ್ಣಿನಿಂದಲೇ ದನ, ಮೊಸಳೆ, ತ್ರಿಕೋನಗಳನ್ನು ಉಬ್ಬಿಸಿ ಬಣ್ಣ ಹಚ್ಚಿದ್ದಾರೆ. ಒಳಗೆ ತಂಪು.

ನಾನು ನಿಜವಾಗಿ ನೋಡಬೇಕೆಂದು ಬಂದದ್ದು ನವ್ರೊಂಗೊದ ಆರೋಗ್ಯ ಸಂಶೋಧನಾ ಕೇಂದ್ರ. ಹೊರಗಿನಿಂದ ನೋಡಿದರೆ ಮರಗಳ ಕೆಳಗಿನ ಸಾಧಾರಣ ಕಟ್ಟಡಗಳು. ಆದರೆ ಇಲ್ಲಿಂದ ಹೊರಟ ಎರಡು ಮೂರು ಮಾತುಗಳು ನಮ್ಮ ತರಬೇತಿಯ ತನಕ ಬಂದು ಮುಟ್ಟಿದ್ದವು. 1989ರಿಂದ 91ರವರೆಗೆ ಇಲ್ಲಿ ಮಕ್ಕಳಿಗೆ ವಿಟಮಿನ್ ಎ ಹನಿ ಕೊಟ್ಟು ಲೆಕ್ಕ ಹಾಕಿದರು, ಸಾವು 19 ಪ್ರತಿಶತ ಇಳಿದಿತ್ತು. ಆಮೇಲೆ ಔಷಧ ಹಚ್ಚಿದ ಸೊಳ್ಳೆಪರದೆ ಕೊಟ್ಟು ನೋಡಿದರು, 17 ಪ್ರತಿಶತ ಇಳಿಯಿತು. ಮೂರನೆಯದು ನನ್ನ ನೌಕರಿಗೇ ಸಂಬಂಧಪಟ್ಟದ್ದು. ಅದನ್ನು ಹೇಳಿದವರು ಗೇಟಿನ ಎದುರು ಬೇವಿನ ಮರದಡಿ ಕೂತಿದ್ದ ಒಬ್ಬ ಹಿರಿಯರು. ಆ ಕಾಲದಲ್ಲಿ ಮನೆಮನೆ ಸುತ್ತಿ ಹುಟ್ಟು ಸಾವು ಬರೆದುಕೊಳ್ಳುತ್ತಿದ್ದ ಕ್ಷೇತ್ರ ಕಾರ್ಯಕರ್ತರಂತೆ.

1994ರಲ್ಲಿ ಮೂರು ಹಳ್ಳಿಗಳಲ್ಲಿ ಶುರುವಾದ ಪ್ರಯೋಗ ಅದು. ಕೇಂದ್ರದ ಮೊದಲ ನಿರ್ದೇಶಕ ಫ್ರೆಡ್ ಬಿಂಕಾ ಮತ್ತು ಅವರ ಜೊತೆಯವರು ಜಿಲ್ಲೆಯನ್ನು ನಾಲ್ಕು ಪಾಲು ಮಾಡಿದರು. ಒಂದು ಪಾಲಿನಲ್ಲಿ ನರ್ಸುಗಳನ್ನು ಆರೋಗ್ಯ ಕೇಂದ್ರದ ಕುರ್ಚಿಯಿಂದ ಎಬ್ಬಿಸಿ, ಮೋಟಾರ್ ಸೈಕಲ್ ಕೊಟ್ಟು, ಹಳ್ಳಿಯಲ್ಲೇ ವಾಸಕ್ಕೆ ಬಿಟ್ಟರು. ಜಾಗ ಊರ ಮುಖ್ಯಸ್ಥ ಕೊಟ್ಟ, ಮಣ್ಣಿನ ಮನೆ ಊರವರು ಕಟ್ಟಿದರು. ಇನ್ನೊಂದರಲ್ಲಿ ನರ್ಸಿಲ್ಲ, ಊರಿನ ಸ್ವಯಂಸೇವಕರು ಮಾತ್ರ. ಮೂರನೆಯದರಲ್ಲಿ ಇಬ್ಬರೂ. ನಾಲ್ಕನೆಯದು ಮೊದಲಿದ್ದಂತೆಯೇ. ನರ್ಸು ಊರಲ್ಲಿದ್ದ ಕಡೆ ಮೂರು ವರ್ಷದಲ್ಲಿ ಮಕ್ಕಳ ಸಾವು ಅರ್ಧಕ್ಕಿಂತ ಹೆಚ್ಚು ಇಳಿಯಿತು. ಸ್ವಯಂಸೇವಕರು ಮಾತ್ರ ಇದ್ದ ಕಡೆ ಇಳಿಯಲಿಲ್ಲ. ಇಬ್ಬರೂ ಇದ್ದ ಕಡೆ ಹೆಂಗಸರು ಹೆರುವ ಮಕ್ಕಳ ಸಂಖ್ಯೆಯೂ ಸರಾಸರಿ ಒಂದು ಕಡಿಮೆಯಾಯಿತು. ಏಕೆಂದರೆ ಗಂಡಸರ ಜೊತೆ, ಮನೆ ಹಿರಿಯರ ಜೊತೆ ಮಾತಾಡಲು ಊರಿನವರೇ ಬೇಕು. ಸೂಜಿ ಹಿಡಿಯಲು ನರ್ಸೇ ಬೇಕು. 1999ರ ಹೊತ್ತಿಗೆ ಸರ್ಕಾರ ಇದನ್ನೇ ದೇಶದ ನೀತಿ ಮಾಡಿಕೊಂಡಿತು. ಯೋಜನೆಯ ಇಂಗ್ಲಿಷ್ ಹೆಸರಿನ ಚುಟುಕು ಸಿಎಚ್‌ಪಿಎಸ್. ಹಾಗಾಗಿ ಹಳ್ಳಿಗಳಲ್ಲಿ ಕಾಣುವ, ನರ್ಸು ವಾಸವಿರುವ ಆ ಚಿಕ್ಕ ಆರೋಗ್ಯ ಕಟ್ಟಡಗಳಿಗೆ ಎಲ್ಲರೂ ಚಿಪ್ಸ್ ಕಾಂಪೌಂಡ್ ಎನ್ನುತ್ತಾರೆ.

"ನಿಮ್ಮಲ್ಲಿ ನರ್ಸು ಊರಲ್ಲೇ ಇರುತ್ತಾಳಾ?" ಎಂದು ಕೇಳಿದರು ಹಿರಿಯರು. ಕಾಗದದ ಮೇಲೆ ಇರುತ್ತಾಳೆ ಎಂದೆ. ಉಪಕೇಂದ್ರದ ವಸತಿಗೃಹದಲ್ಲಿ ನೀರಿಲ್ಲ, ಬಾಗಿಲಿಗೆ ಚಿಲಕವಿಲ್ಲ, ಮಕ್ಕಳ ಶಾಲೆ ತಾಲೂಕಿನಲ್ಲಿ. ಕತ್ತಲಾದ ಮೇಲೆ ಉಳಿಯುವವಳು ಆಶಾ ಒಬ್ಬಳೇ. ಆಶಾ ಬಂದ ಮೇಲೆ ಆದ ಒಳ್ಳೆಯದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಆದರೆ ನರ್ಸಿಗೆ ಬದಲಾಗಿ ಆಶಾ ಎಂದು ಲೆಕ್ಕ ಹಾಕುವ ಅಧಿಕಾರಿಗಳನ್ನೂ ಕಂಡಿದ್ದೇನೆ. ಅವರನ್ನೆಲ್ಲ ಒಮ್ಮೆ ಈ ಬೇವಿನ ಮರದಡಿ ಕೂರಿಸಬೇಕು.

ಬುಧವಾರ: ಹಳ್ಳಿಗೆ

ಡಾಂಬರು ಮುಗಿದಲ್ಲಿ ನಮ್ಮ ಗಾಡಿಯೂ ನಿಂತಿತು. ಮುಂದಕ್ಕೆ ಮೋಟಾರ್‌ಕಿಂಗ್. ಹಿಂದೆ ತೆರೆದ ತೊಟ್ಟಿಯಿರುವ ಮೂರು ಗಾಲಿಯ ಗಾಡಿ. ಮೂಟೆ, ಮೇಕೆ, ಮನುಷ್ಯರು ಎಲ್ಲ ಅದರಲ್ಲೇ. ಹಲಗೆಯ ಮೇಲೆ ಕೂತರೆ ಬೆನ್ನು ಮುರಿಯುತ್ತದೆ, ಕಾಲು ಚಾಚಿ ಮೂಟೆಗೆ ಒರಗಿದರೆ ವಾಸಿ. ಸಜ್ಜೆ ಆಳಿಗಿಂತ ಎತ್ತರ ಬೆಳೆದು ದಾರಿಯನ್ನೇ ಮುಚ್ಚಿತ್ತು. ಇಲ್ಲಿ ಊರೆಂದರೆ ಸಾಲುಮನೆಯಲ್ಲ. ಒಂದೊಂದು ಕುಟುಂಬಕ್ಕೆ ಮಣ್ಣಿನ ಗೋಡೆ ಸುತ್ತಿದ ದುಂಡನೆಯ ಅಂಗಳ, ಅದರ ಸುತ್ತ ಅವರದೇ ಹೊಲ, ಆಮೇಲೆ ಇನ್ನೊಂದು ಮನೆ. ಮಳೆಗಾಲದಲ್ಲಿ ಒಂದು ಮನೆಯಿಂದ ಇನ್ನೊಂದು ಕಾಣುವುದಿಲ್ಲ. ಇಂಥ ಊರನ್ನು ಸುತ್ತುವ ನರ್ಸಿನ ಮೊಣಕಾಲು ನೆನೆದು ನನಗೆ ನನ್ನ ಮೊಣಕಾಲು ನೋಯಿತು.

ಹಳ್ಳ ಬಂತು. ಮೊಣಕಾಲುದ್ದದ ನೀರು ಎಂದು ಚಾಲಕ ಹೇಳಿದ, ಗಾಡಿ ಇಳಿಸಿದ, ನಡುವೆ ಎಂಜಿನ್ ನೀರು ಕುಡಿದು ನಿಂತಿತು. ನೀರು ತೊಟ್ಟಿಯೊಳಗೂ ಬಂತು. ಮಗಳು ಎರಡು ಚೀಲ ತಲೆಯ ಮೇಲಿಟ್ಟುಕೊಂಡು, "ಅವ್ವಾ, ನೀ ಸುಮ್ಮ ಕುಂದ್ರು, ಇಳೀಬ್ಯಾಡ" ಎಂದು ಕೂಗುತ್ತಾ ತಾನೇ ಇಳಿದಳು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹುಡುಗರು ಓಡಿಬಂದು ತಳ್ಳಿದರು. ಒಬ್ಬ ನನ್ನನ್ನು ಬೆನ್ನ ಮೇಲೆ ಹೊತ್ತು ಆಚೆ ಇಳಿಸಿದ. ದುಡ್ಡು ಕೊಡಹೋದರೆ ನಕ್ಕು, ನನ್ನ ಸೀರೆಯ ಸೆರಗು ಹಿಂಡುವುದನ್ನು ನೋಡುತ್ತಾ ನಿಂತ.

ಮೊದಲು ಊರ ಮುಖ್ಯಸ್ಥರ ಮನೆ. ಯಾವ ಊರಿಗೆ ಹೋದರೂ ಇದು ಮೊದಲ ಕೆಲಸ: ಚಪ್ಪಲಿ ಹೊರಗೆ, ಕೈಯಲ್ಲಿ ಕೋಲಾ ಕಾಯಿ. ಅದನ್ನು ನವ್ರೊಂಗೊ ಸಂತೆಯಲ್ಲೇ ಕೊಂಡಿಟ್ಟುಕೊಳ್ಳಬೇಕು. ಅವರು ಕುಡಿಯಲು ಕೊಟ್ಟದ್ದು ಸೋರೆಬುರುಡೆಯಲ್ಲಿ ಹಿಟ್ಟು ಕಲಸಿದ ನೀರು. ಕಾಯಿಸದ ನೀರು ಎಂದು ಮಗಳು ಕಣ್ಣಲ್ಲೇ ಬೇಡವೆಂದಳು. ಅತಿಥಿಗೆ ಕೊಡುವ ಮೊದಲ ಮರ್ಯಾದೆ ಅದು, ಕುಡಿದೆ. ಏನೂ ಆಗಲಿಲ್ಲ.

ಚಿಪ್ಸ್ ಕಾಂಪೌಂಡಿನಲ್ಲಿ ಎರಡು ಕೋಣೆ, ಜಗಲಿ, ಹಿಂದೆ ನರ್ಸುಗಳ ಮನೆ, ಮೇಲೆ ಸೋಲಾರ್ ಹಲಗೆ. ಬ್ಯಾಟರಿ ಸತ್ತು ಎರಡು ಮಳೆಗಾಲವಾಗಿದೆಯಂತೆ. ಮಿಡ್‌ವೈಫ್ ಮೂವತ್ತರ ಹರೆಯದವಳು, ಗಟ್ಟಿ ಕೈ, ಗಟ್ಟಿ ದನಿ. ಅವಳ ಜೊತೆ ಕಮ್ಯುನಿಟಿ ಹೆಲ್ತ್ ಆಫೀಸರ್ ಎಂಬ ಇನ್ನೊಬ್ಬ ನರ್ಸು. ಈ ಕಮ್ಯುನಿಟಿ ನರ್ಸುಗಳ ಮೂಲ ತರಬೇತಿಯಲ್ಲಿ ಹೆರಿಗೆ ಮಾಡಿಸುವುದು ಇರಲಿಲ್ಲ. ಲಸಿಕೆ, ಜ್ವರ, ಭೇದಿ, ಕುಟುಂಬ ಯೋಜನೆ ಅವರ ಪಾಲು. ಮಿಡ್‌ವೈಫ್ ಇರುವ ಕಾಂಪೌಂಡು ಸಿಕ್ಕ ಊರು ಪುಣ್ಯ ಮಾಡಿದ್ದು.

ಸಂಜೆ ಪಾತ್ರೆ ತೊಳೆಯುತ್ತಾ ಲೆಕ್ಕ ಮಾತಾಡಿದೆವು. ಘಾನಾದಲ್ಲಿ 2017ರ ಸಮೀಕ್ಷೆಯಂತೆ ಒಂದು ಲಕ್ಷ ಜೀವಂತ ಹೆರಿಗೆಗಳಿಗೆ 310 ತಾಯಂದಿರ ಸಾವು. ನಿಮ್ಮದು ಎಷ್ಟು ಎಂದಳು. 2018-20ರಲ್ಲಿ ಕರ್ನಾಟಕದ್ದು 69 ಎಂದಾಗ ಅವಳ ಕೈ ನಿಂತಿತು. ನಾನು ಪೂರ್ತಿ ಹೇಳಿದೆ: 2001-03ರಲ್ಲಿ ನಮ್ಮದೂ 228 ಇತ್ತು, ನಾನು ಆಗ ನೌಕರಿಯಲ್ಲಿದ್ದೆ, ಎತ್ತಿನ ಗಾಡಿಯಲ್ಲಿ ಬಾಣಂತಿ ಕರೆದೊಯ್ದಿದ್ದೇನೆ. ಏನು ಮಾಡಿದಿರಿ ಎಂದಳು. 108 ಬಂತು, ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು ಬಂತು, ಮಡಿಲು ಕಿಟ್ ಬಂತು, ರಸ್ತೆ ಬಂತು. ರಸ್ತೆ ಎಂದಾಗ ಅವಳು ತಲೆಯಾಡಿಸಿದಳು.

ದುಡ್ಡಿನ ಅಡ್ಡಿಯನ್ನು ಅವರೂ ತೆಗೆದಿದ್ದಾರೆ. 2008ರ ಜುಲೈಯಿಂದ ಬಸುರಿಯರಿಗೆ ರಾಷ್ಟ್ರೀಯ ಆರೋಗ್ಯ ವಿಮೆ ಉಚಿತ. ಹಾಗೆಂದು ಬರಿಗೈಯಲ್ಲಿ ಬರುವಂತಿಲ್ಲ: ಸೋಪು, ಡೆಟಾಲ್, ರಬ್ಬರ್ ಹಾಳೆ, ಹಳೆ ಬಟ್ಟೆ ತರಬೇಕು. ಆ ಪಟ್ಟಿ ಹೊಂದಿಸಲಾಗದೆ ಮನೆಯಲ್ಲೇ ಉಳಿದು, ನೋವು ಜೋರಾದ ಮೇಲೆ ಬರುವವರಿದ್ದಾರೆ. ಬಂದಾಗ ಹೆರಿಗೆ ಬೇಗ ಆಗಲೆಂದು ಕುಡಿಸಿದ ಬೇರಿನ ಕಷಾಯ ಹೊಟ್ಟೆಯಲ್ಲಿರುತ್ತದೆ. ಗರ್ಭಕೋಶ ಹುಚ್ಚೆದ್ದು ಹಿಂಡುತ್ತಿರುತ್ತದೆ. "ಬೈದರೆ ಮುಂದಿನ ಸಲ ಬರುವುದೇ ಇಲ್ಲ ಮಾಮಾ" ಎಂದಳು.

ಗುರುವಾರ: ಮರದಡಿಯ ಕ್ಲಿನಿಕ್, ರಾತ್ರಿಯ ಟಾರ್ಚು

ಬೆಳಿಗ್ಗೆ ಎರಡು ಮೈಲಿ ದೂರದ ಬಾವೊಬಾಬ್ ಮರದಡಿ ಮಕ್ಕಳ ಕ್ಲಿನಿಕ್. ಕೊಂಬೆಗೆ ತಕ್ಕಡಿ, ತಕ್ಕಡಿಗೆ ಮಗು. ಆ ತಕ್ಕಡಿ, ಆ ಅಳು, ಸಾಲು ಮುರಿಯುವ ತಾಯಂದಿರು ಯಾವುದೂ ನನಗೆ ಹೊಸದಲ್ಲ. ಲಸಿಕೆ ಪೆಟ್ಟಿಗೆ ಬಗ್ಗಿ ನೋಡಿದೆ. ಭೇದಿಯ ರೋಟಾ ಲಸಿಕೆಯ ಮೇಲೆ ಹೈದರಾಬಾದಿನ ವಿಳಾಸ! ನಮ್ಮ ರಾಯಚೂರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಘಾನಾ 2020ರಲ್ಲಿ ಈ ರೋಟಾವ್ಯಾಕ್‌ಗೆ ಬದಲಾಯಿತು. 2012ರಲ್ಲಿ ಈ ಭಾಗದ ಜನರಿಗೆ ಹಾಕಿದ ಮೆದುಳುಪೊರೆಯ ಜ್ವರದ (ಮೆನಿಂಜೈಟಿಸ್) ಲಸಿಕೆ ಪುಣೆಯದು. ಹರ್ಮಟಾನ್ ಗಾಳಿಯ ಜೊತೆಗೇ ಬರುತ್ತಿದ್ದ ಆ ರೋಗದ ಒಂದು ಬಗೆಯನ್ನು ಅದು ಒರೆಸಿಹಾಕಿತು. ಮಲೇರಿಯಾ ಲಸಿಕೆ 2019ರಲ್ಲಿ ಮೊದಲು ಶುರುವಾದ ಪ್ರಾಂತ್ಯಗಳಲ್ಲಿ ಇದೂ ಒಂದು. ಹೊಸ ಆರ್21 ಲಸಿಕೆಗೆ ಜಗತ್ತಿನಲ್ಲೇ ಮೊದಲು, 2023ರ ಏಪ್ರಿಲ್‌ನಲ್ಲಿ, ಒಪ್ಪಿಗೆ ಕೊಟ್ಟದ್ದೂ ಘಾನಾವೇ. ಅದನ್ನು ಮಾಡುವುದೂ ಪುಣೆಯಲ್ಲಿ. ನಾಲ್ಕು ಡೋಸು. ಮೊದಲ ಮೂರಕ್ಕೆ ಬರುತ್ತಾರೆ, ಕೊನೆಯದಕ್ಕೆ ಮಗು ಓಡಾಡುತ್ತಿರುತ್ತದೆ, ತಾಯಿ ಹೊಲದಲ್ಲಿರುತ್ತಾಳೆ, ಇವಳೇ ಹುಡುಕಿಕೊಂಡು ಹೋಗಬೇಕು.

ಬಸುರಿಯರಿಗೆ ಮಲೇರಿಯಾ ಬಾರದಂತೆ ಮೂರು ಎಸ್‌ಪಿ ಗುಳಿಗೆ. ನರ್ಸಿನ ಎದುರೇ ನುಂಗಬೇಕು. ಒಂದೇ ಲೋಟ ಎಲ್ಲರಿಗೂ. ಅದೊಂದು ನನಗೆ ಸರಿಬರಲಿಲ್ಲ, ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಲೋಟ ಮೂರಾಗಿತ್ತು.

ಒಬ್ಬ ಅಜ್ಜಿ ಎರಡು ತಿಂಗಳ ಮೊಮ್ಮಗನ ಬಾಯಿಗೆ ನೀರು ಹಿಂಡುತ್ತಿದ್ದಳು. ಆರು ತಿಂಗಳು ಎದೆಹಾಲು ಮಾತ್ರ ಎಂದು ನರ್ಸು ಹೇಳಿದಾಗ ಅಜ್ಜಿ ಎದ್ದುನಿಂತು ಕೇಳಿದಳು, "ಈ ಸೆಖೆಯಲ್ಲಿ ನಿನಗೆ ಬಾಯಾರುವುದಿಲ್ಲವಾ? ನನ್ನ ಒಂಬತ್ತು ಮಕ್ಕಳಿಗೆ ಕೊಟ್ಟೆ." ಸ್ವಯಂಸೇವಕಿ ಒಬ್ಬಳು ಮೆಲ್ಲಗೆ, ಒಂಬತ್ತರಲ್ಲಿ ಉಳಿದವರೆಷ್ಟು ಎಂದಳು. ನಾಲ್ಕು. ಯಾರೂ ಮಾತಾಡಲಿಲ್ಲ. ನರ್ಸು ಹೇಳಿದ್ದರೆ ಜಗಳವಾಗುತ್ತಿತ್ತು. ಕೇಳಿದವಳು ಆ ಅಜ್ಜಿಯ ಕುಲದ ಸೊಸೆ, ಅವಳಿಗೆ ಆ ಹಕ್ಕಿತ್ತು. ಮೊನ್ನೆ ಬೇವಿನ ಮರದಡಿಯ ಹಿರಿಯರು ಹೇಳಿದ ಮೂರನೇ ಪಾಲು ಇದೇ.

ಈ ಸ್ವಯಂಸೇವಕರೇ ಮಳೆಗಾಲದ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಐದು ವರ್ಷದೊಳಗಿನ ಮಕ್ಕಳಿಗೆ ಮಲೇರಿಯಾ ತಡೆಯುವ ಗುಳಿಗೆ ಕೊಡುತ್ತಾರೆ. ತಿಂಗಳಿಗೊಮ್ಮೆ, ಮೂರು ದಿನ. ಕಹಿ, ಮಕ್ಕಳು ಉಗುಳುತ್ತವೆ, ಮತ್ತೆ ಕೊಡಬೇಕು. ಕೂಲಿಯೆಂದು ಸಿಗುವುದು ಆ ದಿನಗಳ ಚಿಕ್ಕ ಭತ್ಯೆ. ನಮ್ಮ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತು ಕೇಳುತ್ತಾರೆ ಎಂದೆ. ಆ ಸ್ವಯಂಸೇವಕಿಗೆ ಅದು ಬಹಳ ಹಿಡಿಸಿತು. ಎಷ್ಟು ಜನ ಕೂರುತ್ತಾರೆ, ಮಳೆ ಬಂದರೆ ಏನು ಮಾಡುತ್ತಾರೆ ಎಂದೆಲ್ಲ ಕೇಳಿಕೊಂಡಳು.

ರಾತ್ರಿ ಒಂಬತ್ತರ ಮೇಲೆ ಮಳೆಯಲ್ಲಿ ಸೈಕಲ್ ಮೇಲೆ ಕೂರಿಸಿಕೊಂಡು ಒಬ್ಬ ಹುಡುಗಿಯನ್ನು ತಂದರು. ಚೊಚ್ಚಲು. ನೋವು ಮಧ್ಯಾಹ್ನದಿಂದ, ತಲೆನೋವು ನಿನ್ನೆಯಿಂದ. ಕಣ್ಣು ಮಂಜು ಎಂದಳು. ಮುಖ ಊದಿತ್ತು. ಬಿ.ಪಿ. 170-110. ಮೂತ್ರದ ಪಟ್ಟಿ ಬಣ್ಣ ಬದಲಾಯಿಸಿತು, ಪ್ರೋಟೀನ್ ಹೋಗುತ್ತಿದೆ. ಬಸುರಿಯರಿಗೆ ಫಿಟ್ಸ್ ಬರುವ ಮುಂಚಿನ ಲಕ್ಷಣ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮಾತು ಬೇಕಾಗಲಿಲ್ಲ. ಅವಳು ಎರಡೂ ಪಿರ್ರೆಗಳಿಗೆ ಐದೈದು ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಚುಚ್ಚಿದಳು. ಫಿಟ್ಸ್ ತಡೆಯಲು ಅದೇ. ನಾನು ಮೊಬೈಲಿನ ಟಾರ್ಚು ಹಿಡಿದೆ. ನನ್ನ ಕೈಗೆ ಅಲ್ಲಿ ಬೇರೆ ಅಧಿಕಾರವಿರಲಿಲ್ಲ, ಇರಬಾರದು ಕೂಡ.

ನವ್ರೊಂಗೊ ಆಸ್ಪತ್ರೆಗೆ ಕಳಿಸಬೇಕು. ಗಂಡ ಕುಮಾಸಿಯಲ್ಲಿ ಕೂಲಿಗೆ ಹೋಗಿದ್ದಾನೆ. ಮನೆಯ ಹಿರಿಯ ಒಪ್ಪಬೇಕು. ಆತ ಭವಿಷ್ಯ ಹೇಳುವವನನ್ನು ಕೇಳಿ ಬರುತ್ತೇನೆಂದ. ಅತ್ತೆ ಗೋಡೆಗೊರಗಿ ಕೂತಿದ್ದಳು. ಮಿಡ್‌ವೈಫ್ ಅವನ ಜೊತೆ ವಾದಿಸಲಿಲ್ಲ. ಮುಖ್ಯಸ್ಥರಿಗೆ ಫೋನು ಮಾಡಿದಳು, ಕುಮಾಸಿಗೆ ಫೋನು ಮಾಡಿಸಿದಳು, ಸ್ಪೀಕರ್ ಹಾಕಿದಳು. ಗಂಡ ಅಳುವ ದನಿಯಲ್ಲಿ ಕಳಿಸಿರಿ ಎಂದ. ಹಿರಿಯ ಛತ್ರಿ ಮಡಚಿದ. ಇಷ್ಟಕ್ಕೆ ಅರ್ಧ ಗಂಟೆ. ಮುಂಚೆಯಾದರೆ ಬೆಳಗಾಗುತ್ತಿತ್ತು ಎಂದಳು.

2020ರ ಜನವರಿಯಲ್ಲಿ ಸರ್ಕಾರ ದೇಶಕ್ಕೆಲ್ಲ 307 ಹೊಸ ಆಂಬುಲೆನ್ಸ್ ಹಂಚಿತು. ಆಂಬುಲೆನ್ಸ್ ಬಂತು ಕೂಡ, ಡಾಂಬರಿನ ತನಕ. ನಡುವೆ ಹಳ್ಳ. ನಿನ್ನೆ ನಮ್ಮನ್ನು ತಂದ ಅದೇ ಬಗೆಯ ಮೋಟಾರ್‌ಕಿಂಗ್ ಇಲ್ಲಿ ಆಂಬುಲೆನ್ಸಿನ ಕೆಲಸವನ್ನೂ ಮಾಡುತ್ತದೆ. ಕೆಲವು ವರ್ಷಗಳ ಹಿಂದೆ ಈ ಪ್ರಾಂತ್ಯದಲ್ಲಿ ಮೇಲೆ ಹೊದಿಕೆ, ಒಳಗೆ ಹಾಸಿಗೆ ಹಾಕಿ ಅದನ್ನೇ ತುರ್ತು ಗಾಡಿ ಮಾಡಿ ನೋಡಿದ್ದರು, ಚೆನ್ನಾಗಿ ನಡೆದಿತ್ತು. ನಮಗೆ ಸಿಕ್ಕದ್ದು ಮೂಟೆ ಹೊರುವ ಸಾದಾ ಗಾಡಿ. ಹಾಸಿಗೆ ಹಾಕಿ, ಎಡಮಗ್ಗುಲಾಗಿ ಮಲಗಿಸಿ, ಪ್ಲಾಸ್ಟಿಕ್ ಹೊದಿಸಿ, ಮಿಡ್‌ವೈಫ್ ಪಕ್ಕದಲ್ಲಿ ಕೂತಳು. ಹಳ್ಳದ ಬಳಿ ಹುಡುಗರು ಮೊದಲೇ ಕಾದಿದ್ದರು. ಮುಖ್ಯಸ್ಥರು ಎಬ್ಬಿಸಿ ಕಳಿಸಿದ್ದರಂತೆ. ಎಂಜಿನ್ ಆರಿಸಿ, ತೊಟ್ಟಿಯನ್ನು ಭುಜಕ್ಕೆ ಕೊಟ್ಟು ದಾಟಿಸಿದರಂತೆ. ಇದನ್ನು ನಾನು ನೋಡಲಿಲ್ಲ. ನಾನು ಕಾಂಪೌಂಡಿನಲ್ಲಿ ಉಳಿದು ಅತ್ತೆಯ ಜೊತೆ ಕೂತಿದ್ದೆ. ಭಾಷೆ ಬಾರದ ನಾವಿಬ್ಬರೂ ನೆನೆಸಿದ ಸೇಂಗಾ ಸುಲಿಯುತ್ತಾ ಬೆಳಗು ಮಾಡಿದೆವು. ಆರಕ್ಕೆ ಫೋನು: ಸಿಸೇರಿಯನ್, ಹೆಣ್ಣು, 2.3 ಕೆ.ಜಿ., ತಾಯಿಗೆ ಫಿಟ್ಸ್ ಬರಲಿಲ್ಲ.

ಶುಕ್ರವಾರ: ಸಿರಿಗು

ನಿದ್ದೆಯಿಲ್ಲದ ಕಣ್ಣಿನಲ್ಲೇ ಸಿರಿಗು ನೋಡಿದೆ. 1997ರಲ್ಲಿ ಶುರುವಾದ ಹೆಂಗಸರ ಸಂಘವೊಂದು ಇಲ್ಲಿ ಮಡಕೆ, ಬುಟ್ಟಿ, ಗೋಡೆಚಿತ್ತಾರ ಕಲಿಸುತ್ತದೆ, ತಂಗಲು ಕೋಣೆಗಳೂ ಇವೆ. ಗೋಡೆಗೆ ಕೆಂಪು, ಕಪ್ಪು, ಬಿಳಿ ಮೂರೇ ಬಣ್ಣ. ಮೇಲೆ ದವದವ ಮರದ ಕಾಯಿಸಿಪ್ಪೆ ಕುದಿಸಿದ ರಸ ಬಳಿದರೆ ಮಳೆಗೆ ಬೇಗ ಹೋಗುವುದಿಲ್ಲ. ಮಳೆ ಮುಗಿದು ಸುಗ್ಗಿಯಾದ ಮೇಲೆ ಮತ್ತೆ ಬಳಿಯುತ್ತಾರೆ. ಚಿತ್ತಾರ ನೋಡುವ ಆಸೆಯಿದ್ದವರು ಆಗ ಬರಬೇಕು, ನನ್ನ ಹಾಗೆ ಆಗಸ್ಟಿನಲ್ಲಲ್ಲ. ಬುಟ್ಟಿ ಮಾರಿದ ದುಡ್ಡೇ ಆ ಸೋಪು, ಡೆಟಾಲ್, ರಬ್ಬರ್ ಹಾಳೆ ಎಂದು ಒಬ್ಬಾಕೆ ಲೆಕ್ಕ ಕೊಟ್ಟಳು. ಚೌಕಾಸಿ ಮಾಡಬೇಕೆಂದಿದ್ದ ನಾನು ಸುಮ್ಮನಾದೆ.

ಶನಿವಾರ: ಬೊಲ್ಗಟಂಗ ಸಂತೆ

ಇಲ್ಲಿ ಸಂತೆ ವಾರಕ್ಕೊಮ್ಮೆ ಅಲ್ಲ, ಮೂರು ದಿನಕ್ಕೊಮ್ಮೆ, ಆದ್ದರಿಂದ ವಾರ ನೋಡಿ ಹೊರಟರೆ ತಪ್ಪುತ್ತದೆ. ನಮಗೆ ಸಿಕ್ಕಿತು. ಪೂರ್ವಕ್ಕೆ ಬಾವ್ಕು ಕಡೆ ಗಲಾಟೆಯಿದೆ, ಆ ರಸ್ತೆ ಹಿಡಿಯಬೇಡಿ ಎಂದು ಎಲ್ಲರೂ ಎಚ್ಚರಿಸಿದ್ದರು, ಹಿಡಿಯಲಿಲ್ಲ. ಹಸಿ ಸೇಂಗಾ ರಾಶಿ, ಸುಟ್ಟ ಜೋಳ, ಹೊಸ ಸಜ್ಜೆ. ಸಜ್ಜೆಯ ಕಾಳು ಬಾಯಿಗೆ ಹಾಕಿಕೊಂಡೆ, ಹಾಲು ಆರಿರಲಿಲ್ಲ.

ಮಿಡ್‌ವೈಫ್ ಫೋನು ಮಾಡಿದಳು. ಹುಡುಗಿಗೆ ಬಿ.ಪಿ. ಇಳಿದಿದೆ, ಅತ್ತೆ ಮೊಮ್ಮಗಳ ಹೊಕ್ಕುಳಿಗೆ ಶಿಯಾ ಬೆಣ್ಣೆ ಹಚ್ಚಬೇಕೆಂದು ವಾರ್ಡಿನಲ್ಲಿ ಜಗಳ ತೆಗೆದಿದ್ದಾಳೆ, ಹಳ್ಳದ ನೀರು ಇನ್ನೂ ಇಳಿದಿಲ್ಲ. ಅವಳಿಗೆ ವರ್ಗಾವಣೆ ಕೇಳುವ ಹಕ್ಕು ಮುಂದಿನ ವರ್ಷ ಬರುತ್ತದೆ. ಅಕ್ಕ ಅಕ್ರಾಗೆ ಕರೆಯುತ್ತಿದ್ದಾಳೆ. "ಹೋಗುತ್ತೀಯಾ?" ಎಂದೆ. "ಬದಲಿಗೆ ಯಾರು ಬರುತ್ತಾರೆ ಎನ್ನುವುದರ ಮೇಲೆ" ಎಂದಳು. ನಿನಗೇನು ಕಳಿಸಲಿ ಎಂದರೆ ರೇನ್‌ಕೋಟ್ ಬೇಡ, ತಲೆಗೆ ಕಟ್ಟುವ ಟಾರ್ಚು ಬೇಕು, ಎರಡು ಕೈಯೂ ಖಾಲಿ ಇರಬೇಕು ಎಂದಳು. ಮಗಳು ಸಂತೆಯ ಮೂಲೆಯಲ್ಲಿ ಚೀನಾದ ಎಲೆಕ್ಟ್ರಿಕ್ ಸಾಮಾನಿನವನನ್ನು ಹುಡುಕಿ ಮೂರು ಕೊಂಡಳು, ಜೊತೆಗೆ ಬ್ಯಾಟರಿ. ನವ್ರೊಂಗೊಗೆ ಹೋಗುವ ಟ್ರೋಟ್ರೋ, ಅಂದರೆ ಬಾಡಿಗೆ ವ್ಯಾನಿನ, ಡ್ರೈವರನ ಕೈಗೆ ಕೊಟ್ಟು, ಅವನ ನಂಬರ್ ಬರೆದುಕೊಂಡು, ತಮಾಲೆ ಗಾಡಿ ಹತ್ತಿದೆವು. ನಮ್ಮ ಹಳೆಯ ಡ್ರೈವರೇ. ಹೆಂಡತಿ ನಿನ್ನೆಯಿಂದ ಗುಳಿಗೆ ಶುರುಮಾಡಿದ್ದಾಳಂತೆ, ಚಹಾದ ಜೊತೆ ನುಂಗುತ್ತಿದ್ದಾಳಂತೆ. ಚಹಾದ ಜೊತೆ ಬೇಡ, ನೀರಿನ ಜೊತೆ ಎಂದು ಹೇಳು ಎಂದೆ. ಮತ್ತೆ ಗಾಡಿ ಬದಿಗೆ ನಿಂತಿತು.